ಡಿಡ್ ಯು, ಹ್ಯಾವ್ ಯು: ಓಇಟಿ ಬರೆದವರ ಅನುಭವ ಬೇಕಾಗಿದೆ

ಪ್ರಶ್ನೆ ಕೇಳಿದವರು, ಮಂಗಳೂರು: ಬ್ರಿಟನ್ನಿಗೆ ಹೋಗಲೆಂದು ಓಇಟಿಯ, ಅಂದರೆ ನರ್ಸ್, ವೈದ್ಯರಂಥವರಿಗಾಗಿ ಇರುವ ಇಂಗ್ಲಿಷ್ ಪರೀಕ್ಷೆಯ, ಮಾತಿನ ಭಾಗಕ್ಕೆ ಸಿದ್ಧಳಾಗುತ್ತಿದ್ದೇನೆ. ರೋಗಿಯನ್ನು ‘ಡಿಡ್ ಯು ಟೇಕ್ ಯುವರ್ ಟ್ಯಾಬ್ಲೆಟ್ಸ್’ ಎಂದು ಕೇಳುವುದಕ್ಕೂ ‘ಹ್ಯಾವ್ ಯು ಟೇಕನ್’ ಎಂದು ಕೇಳುವುದಕ್ಕೂ ವ್ಯತ್ಯಾಸವೇನು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಲೀಡ್ಸ್‌ನಲ್ಲಿರುವ ಉಡುಪಿಯವಳು: ತರಬೇತಿ ಕೇಂದ್ರವೊಂದು ನನ್ನಿಂದ 24,000 ರೂಪಾಯಿ ಶುಲ್ಕವನ್ನೂ ಟಿಪ್ಪಣಿಗಳ ಪುಸ್ತಕಕ್ಕೆಂದು ಮತ್ತೆ 1,800 ರೂಪಾಯಿಯನ್ನೂ ವಸೂಲು ಮಾಡಿ, ‘ಎರಡೂ ಒಂದೇ, ಯಾವುದನ್ನಾದರೂ ಬಳಸಿ’ ಎಂದು ಕಲಿಸಿತು. ಮಾತಿನ ಭಾಗದಲ್ಲಿ ಬೇಕಾಗಿದ್ದ 350 ಅಂಕ ಬರಲಿಲ್ಲ; ಮರುಪರೀಕ್ಷೆಯ ಶುಲ್ಕ, ಬೆಂಗಳೂರಿನ ಬಸ್ಸು, ವಸತಿ ಎಲ್ಲ ಸೇರಿ ಅಮ್ಮನ ಬಳೆ ಅಡವಿಗೆ ಹೋಯಿತು. ‘ಹ್ಯಾವ್ ಯು ಟೇಕನ್’ ಎಂದು ಕೇಳುವಾಗ ಮಾತ್ರೆಯ ಹೊತ್ತು ಇನ್ನೂ ಮೀರಿರುವುದಿಲ್ಲ, ಈಗ ಕೊಡಬೇಕೋ ಬೇಡವೋ ಎಂಬುದು ತೀರ್ಮಾನವಾಗಬೇಕಿರುತ್ತದೆ. ‘ಡಿಡ್ ಯು ಟೇಕ್’ ಎಂಬುದು ಮುಗಿದುಹೋದ ಹೊತ್ತಿನ ವಿಚಾರಣೆ; ‘ಲಾಸ್ಟ್ ನೈಟ್’ ಎಂದು ಸೇರಿಸಿದ ಮೇಲೆ ‘ಹ್ಯಾವ್ ಯು’ ಬರಲೇಬಾರದು.

ಷಿಕಾಗೋದ ಹಿರಿಯ ನರ್ಸ್: ಬ್ರಿಟಿಷರ ರೂಢಿಯನ್ನೇ ವ್ಯಾಕರಣವೆಂದು ಸಾರಬೇಡಿ. ನಮ್ಮ ವಾರ್ಡಿನಲ್ಲಿ ‘ಡಿಡ್ ಯು ಈಟ್ ಯೆಟ್’ ಎಂದು ಕೇಳದ ದಿನವಿಲ್ಲ, ಅದರಿಂದ ಯಾವ ರೋಗಿಯೂ ಗೊಂದಲಗೊಂಡಿಲ್ಲ. ನಿಜವಾಗಿ ಗಮನಿಸಬೇಕಾದದ್ದು ಬೇರೆಯೇ ಇದೆ. ಸಮಾಜಶಾಸ್ತ್ರಜ್ಞ ಜಾನ್ ಹೆರಿಟೇಜ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯರು ‘ಸಮ್‌ಥಿಂಗ್ ಎಲ್ಸ್’ ಉಂಟೇ ಎಂದು ಕೇಳಿದಾಗ ರೋಗಿಗಳು ಹೇಳದೆ ಉಳಿಸಿಕೊಳ್ಳುವ ತೊಂದರೆಗಳು ಶೇ 78ರಷ್ಟು ಇಳಿದವು. ‘ಎನಿಥಿಂಗ್ ಎಲ್ಸ್’ ಎಂದು ಕೇಳಿದಾಗ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ, ಏಕೆಂದರೆ ‘ಎನಿ’ ಎಂಬುದು ಇಲ್ಲವೆನ್ನುವ ಉತ್ತರದ ಕಡೆಗೇ ವಾಲಿಕೊಂಡಿರುತ್ತದೆ. ನಾನು ಅಂದಿನಿಂದ ‘ಸಮ್‌ಥಿಂಗ್’ ಬಿಟ್ಟು ಬೇರೆ ಬಳಸಿಲ್ಲ.

ಲೀಡ್ಸ್‌ನಲ್ಲಿರುವ ಉಡುಪಿಯವಳು: ಕೇಳಿದವರು ಷಿಕಾಗೋಗೆ ಹೊರಟಿಲ್ಲ, ಸರ್. ನಿಮ್ಮ ‘ಡಿಡ್ ಯು ಈಟ್ ಯೆಟ್’ ಇಲ್ಲಿಯವರ ಕಿವಿಗೆ ಅಮೆರಿಕದ ಮಾತಾಗಿಯೇ ಕೇಳಿಸುತ್ತದೆ.

ಡಬ್ಲಿನ್‌ನ ಮೈಸೂರಿನವನು: ನೀವಿಬ್ಬರೂ ನಕಾರದ ಪ್ರಶ್ನೆಯನ್ನು ಮರೆತೇಬಿಟ್ಟಿರಿ. ಪಾಳಿ ಬದಲಾಗುವಾಗ ಮೇಲಿನವರು ‘ಹ್ಯಾವಂಟ್ ಯು ಗಿವನ್ ದಿ ಇನ್ಸುಲಿನ್’ ಎಂದು ಕೇಳಿದರು. ನಮ್ಮೂರಿನ ಸಹೋದ್ಯೋಗಿಯೊಬ್ಬ, ಹೌದು ಕೊಟ್ಟಿಲ್ಲ ಎಂದು ಕನ್ನಡದಲ್ಲಿ ಹೇಳುವಂತೆ, ‘ಯೆಸ್’ ಎಂದ. ಅವರು ಕೊಟ್ಟಾಗಿದೆ ಎಂದೇ ತಿಳಿದರು. ರೋಗಿಯ ಸಕ್ಕರೆ ಏರಿತು, ವಿವರಣೆ ಬರೆದುಕೊಡುವ ಪಾಡು ಅವನಿಗೆ ಬಂತು.

ಷಿಕಾಗೋದ ಹಿರಿಯ ನರ್ಸ್: ಅದು ಉತ್ತರಿಸಿದವನ ತಪ್ಪು, ಪ್ರಶ್ನೆಯದಲ್ಲ.

ಡಬ್ಲಿನ್‌ನ ಮೈಸೂರಿನವನು: ನೇರವಾಗಿ ‘ಹ್ಯಾವ್ ಯು ಗಿವನ್’ ಎಂದಿದ್ದರೆ ಅವನು ‘ನೋ’ ಎನ್ನುತ್ತಿದ್ದ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ವಾರ್ಡಿನಲ್ಲಿ ನಕಾರ ಸೇರಿಸಿ ಕೇಳುವವರದ್ದೇ ತಪ್ಪು ಎಂದು ಎಲ್ಲಿ ಬೇಕಾದರೂ ವಾದಿಸುತ್ತೇನೆ.

ಪ್ರಶ್ನೆ ಕೇಳಿದವರು, ಮಂಗಳೂರು: ಬೆಳಗಿನ ಮಾತ್ರೆಯ ಬಗ್ಗೆ ಸಂಜೆ ಕೇಳುವುದಾದರೆ?

ಲೀಡ್ಸ್‌ನಲ್ಲಿರುವ ಉಡುಪಿಯವಳು: ‘ಡಿಡ್ ಯು.’ ಬೆಳಗು ಮುಗಿದಿದೆ. ಇಷ್ಟನ್ನು ಹೇಳಿಕೊಡಲು ಆ ಕೇಂದ್ರಕ್ಕೆ 25,800 ರೂಪಾಯಿ ಸಾಲಲಿಲ್ಲ.