ನಾರ್ಡಿಕ್ ಕಂಬೈನ್ಡ್‌ನ ‘ಸೀಸನ್’: ಋತುವೋ, ಸಾಲೋ, ಹಂಗಾಮೋ?

ಪ್ರಶ್ನೆ

ನಾರ್ಡಿಕ್ ಕಂಬೈನ್ಡ್ ಎಂಬ ಸ್ಕೀ ಕ್ರೀಡೆಯ 2013–14ರ ವಿಶ್ವಕಪ್ ಸೀಸನ್ ಬಗ್ಗೆ ಕನ್ನಡದಲ್ಲಿ ಲೇಖನವೊಂದು ಸಿದ್ಧವಾಗುತ್ತಿದೆ. ಕರಡಿನ ಮೊದಲ ಸಾಲುಗಳು ಹೀಗಿವೆ:

“2013–14ನೇ ಉತ್ತರದೇಶೀಯ ಮಿಶ್ರ ಸ್ಕೀಯಿಂಗ್ ಋತುವಿನಲ್ಲಿ ಜರ್ಮನಿಯ ಎರಿಕ್ ಫ್ರೆಂಜಲ್ ವಿಶ್ವಕಪ್ ಗೆದ್ದನು. ಅದಕ್ಕೂ ಮೊದಲು ಆಸ್ಟ್ರಿಯಾದ ಸೀಫೆಲ್ಡ್‌ನಲ್ಲಿ ಇನ್ನೊಂದು ವಿಶ್ವಕಪ್ ಗೆದ್ದಿದ್ದನು. ಹಾರಾಟದಲ್ಲಿ ಪಡೆದ ಅಂಕಗಳನ್ನು ಓಟದ ಅಂಕಗಳಿಗೆ ಕೂಡಿಸಿ ವಿಜೇತರನ್ನು ನಿರ್ಧರಿಸಲಾಗುತ್ತದೆ. ಗಾಳಿಯಿಂದ ಹಾರಾಟ ರದ್ದಾದರೆ ತಾತ್ಕಾಲಿಕ ಸುತ್ತಿನ ಅಂಕ ಹಿಡಿಯಲಾಗುತ್ತದೆ.”

ಓದಿದರೆ ಏನೋ ತೊಡಕಿದೆ ಅನ್ನಿಸುತ್ತದೆ. ‘ಋತು’ ಸರಿಯೇ? ‘ಕಂಬೈನ್ಡ್‌’ಗೆ ‘ಮಿಶ್ರ’ ಎನ್ನಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ

ತೊಡಕಿರುವುದು ಪದಗಳಲ್ಲಿ ಮಾತ್ರವಲ್ಲ, ಮೂರನೆಯ ವಾಕ್ಯದ ತಿಳಿವಳಿಕೆಯಲ್ಲೂ ಇದೆ. ಅದನ್ನು ಸರಿಪಡಿಸಿಕೊಂಡರೆ ‘ಕಂಬೈನ್ಡ್‌’ಗೆ ಯಾವ ಪದ ಎಂಬುದು ತಾನಾಗಿ ಹೊಳೆಯುತ್ತದೆ.

ಈ ಕ್ರೀಡೆಯಲ್ಲಿ ಎರಡು ಭಾಗ. ಮೊದಲು ಎತ್ತರದ ಇಳಿಜಾರಿನಿಂದ ಸ್ಕೀ ತೊಟ್ಟು ನೆಗೆಯಬೇಕು, ಆಮೇಲೆ ಹಿಮದ ಹಾದಿಯಲ್ಲಿ 10 ಕಿ.ಮೀ. ಸ್ಕೀ ಓಟ. ಓಟಕ್ಕೂ ಅಂಕ ಕೊಟ್ಟು ಎರಡನ್ನೂ ಕೂಡುತ್ತಿದ್ದುದು ಹಳೆಯ ಕ್ರಮ. ನಾರ್ವೆಯ ಗುಂಡರ್ ಗುಂಡರ್ಸನ್ ಅವರ ಹೆಸರಿನ ಪದ್ಧತಿ 1980ರ ದಶಕದಲ್ಲಿ ಬಂದ ಮೇಲೆ ಕೂಡುವ ಲೆಕ್ಕ ಹೋಯಿತು; 1988ರ ಒಲಿಂಪಿಕ್ಸ್ ವೇಳೆಗೆ ಅಲ್ಲಿಯೂ ಇದೇ ಜಾರಿಯಾಗಿತ್ತು. ಈಗ ನೆಗೆತದ ಅಂಕಗಳ ಅಂತರವೇ ಕಾಲವಾಗಿ ಬದಲಾಗುತ್ತದೆ. ವೈಯಕ್ತಿಕ 10 ಕಿ.ಮೀ. ಸ್ಪರ್ಧೆಯಲ್ಲಿ 15 ಅಂಕಕ್ಕೆ ಒಂದು ನಿಮಿಷ, ಅಂದರೆ ಒಂದು ಅಂಕಕ್ಕೆ 4 ಸೆಕೆಂಡ್. ನೆಗೆತದಲ್ಲಿ ಮೊದಲಿಗರಾದವರು ಮೊದಲು ಹೊರಡುತ್ತಾರೆ. ಅವರಿಗಿಂತ 7.5 ಅಂಕ ಕಡಿಮೆ ಪಡೆದವರು 30 ಸೆಕೆಂಡ್ ತಡವಾಗಿ ಹೊರಡಬೇಕು. ಯಾರು ಮೊದಲು ಗುರಿ ಮುಟ್ಟುತ್ತಾರೋ ಅವರೇ ವಿಜೇತರು, ಆಮೇಲೆ ಕೂಡಲು ಏನೂ ಉಳಿದಿರುವುದಿಲ್ಲ. ನಾಲ್ವರ 4×5 ಕಿ.ಮೀ. ತಂಡ ಸ್ಪರ್ಧೆಯಲ್ಲಿ ದರ ಬೇರೆ: 45 ಅಂಕಕ್ಕೆ ಒಂದು ನಿಮಿಷ. ನಾಲ್ಕು ನೆಗೆತಗಳ ಅಂತರ ಒಟ್ಟುಗೂಡುವುದರಿಂದ ವೈಯಕ್ತಿಕ ಸ್ಪರ್ಧೆಯ ದರವನ್ನೇ ಇಟ್ಟರೆ ಹಿಂದೆ ಬಿದ್ದ ತಂಡಕ್ಕೆ ಮತ್ತೆ ಹತ್ತಿರ ಬರಲು ದಾರಿಯೇ ಇರುವುದಿಲ್ಲ.

ಹೀಗೆ ಒಂದು ಭಾಗ ಇನ್ನೊಂದರೊಳಗೆ ಕರಗುವುದರಿಂದ ‘ಸಂಯುಕ್ತ’ ಬಹಳ ಚೆನ್ನಾಗಿ ಒಪ್ಪುತ್ತದೆ. ಸಂಯುಕ್ತಾಕ್ಷರದಲ್ಲಿ ಎರಡು ವ್ಯಂಜನಗಳು ನಡುವೆ ಸ್ವರವಿಲ್ಲದೆ ಬೆಸೆದುಕೊಳ್ಳುವ ಹಾಗೆಯೇ ಇದು. ‘ಮಿಶ್ರ’ ಮಾತ್ರ ಬೇಡ. ಟೆನಿಸ್‌ನ ‘ಮಿಶ್ರ ಡಬಲ್ಸ್‌’ನಿಂದಾಗಿ ಆ ಪದ ಗಂಡು-ಹೆಣ್ಣು ಕೂಡಿದ ತಂಡಕ್ಕೆ ಮೀಸಲಾಗಿದೆ. ಈ ಕ್ರೀಡೆಯಲ್ಲೇ 2023ರ ಪ್ಲಾನಿತ್ಸ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಿಶ್ರ ತಂಡ ಸ್ಪರ್ಧೆ ನಡೆದಿದೆ, ಅದನ್ನು ಬರೆಯುವಾಗ ಏನು ಮಾಡುತ್ತೀರಿ?

‘ಉತ್ತರದೇಶೀಯ’ ಕೂಡ ದಾರಿ ತಪ್ಪಿಸುತ್ತದೆ. ಸ್ಕೀ ಲೋಕದಲ್ಲಿ ನಾರ್ಡಿಕ್ ಎಂದರೆ ಬೂಟಿನ ಹಿಮ್ಮಡಿ ಸ್ಕೀಗೆ ಬಿಗಿಯದೆ ಮೇಲೇಳುವ ಬಗೆ, ಹಿಮ್ಮಡಿ ಬಿಗಿದಿದ್ದರೆ ಆಲ್ಪೈನ್. ಜಪಾನಿನ ಕೆಂಜಿ ಒಗಿವಾರ 1993ರಿಂದ 1995ರವರೆಗೆ ಸತತ ಮೂರು ಸಲ ಸಮಗ್ರ ಪ್ರಶಸ್ತಿ ಗೆದ್ದರು, ಅವರು ಯಾವ ಉತ್ತರದೇಶದವರು? ಹೆಸರನ್ನು ‘ನಾರ್ಡಿಕ್ ಕಂಬೈನ್ಡ್’ ಎಂದೇ ಬಿಟ್ಟು, ಮೊದಲ ಬಾರಿ ಬಂದಾಗ ‘ನೆಗೆತ ಮತ್ತು ಓಟದ ಸಂಯುಕ್ತ ಸ್ಪರ್ಧೆ’ ಎಂದು ಬಿಡಿಸಿ ಹೇಳಿದರೆ ಸಾಕು.

‘ಹಾರಾಟ’ ತಪ್ಪು. ಸ್ಕೀ ಹಾರಾಟ ಎಂಬುದೇ ಬೇರೊಂದು ಸ್ಪರ್ಧೆ, ಅದಕ್ಕೆ ಇನ್ನೂ ಭಾರೀ ಇಳಿಜಾರುಗಳು ಬೇಕು, ಮತ್ತು ನೀವು ಬರೆಯುತ್ತಿರುವ ವರ್ಷದ ನಾರ್ಡಿಕ್ ಕಂಬೈನ್ಡ್‌ನಲ್ಲಿ ಅದು ಇರಲಿಲ್ಲ. ನೆಗೆತ ಅಥವಾ ಜಿಗಿತ ಎನ್ನಿ. ಓಟಕ್ಕೆ ‘ಗುಡ್ಡಗಾಡು ಸ್ಕೀ ಓಟ’ ಎಂದರೆ ಕಾಲೇಜು ಕ್ರೀಡಾಕೂಟದ ‘ಗುಡ್ಡಗಾಡು ಓಟ’ ಕೇಳಿದವರಿಗೆ ಥಟ್ಟನೆ ಹೊಳೆಯುತ್ತದೆ.

ಇನ್ನು ‘ವಿಶ್ವಕಪ್ ಗೆದ್ದನು’. ನಮ್ಮ ಓದುಗರಿಗೆ ವಿಶ್ವಕಪ್ ಎಂದರೆ ನಾಲ್ಕು ವರ್ಷಕ್ಕೊಮ್ಮೆ ಬಂದು ಒಂದು ಫೈನಲ್‌ನಲ್ಲಿ ಮುಗಿಯುವ ಟೂರ್ನಿ. ಇಲ್ಲಿ ಅದು ಪ್ರತಿ ಚಳಿಗಾಲ ಊರಿಂದೂರಿಗೆ ಸಾಗುವ ಸರಣಿ, 1983–84ರಲ್ಲಿ ಶುರುವಾದದ್ದು. ಪ್ರತಿ ಸ್ಪರ್ಧೆಗೂ ಪಟ್ಟಿಯ ಅಂಕಗಳುಂಟು. ನೀವು ಬರೆಯುತ್ತಿರುವ ವರ್ಷದಲ್ಲಿ ಮೊದಲಿಗರಿಗೆ 100, ಎರಡನೆಯವರಿಗೆ 80, ಮೂರನೆಯವರಿಗೆ 60, ಹೀಗೆ ಇಳಿಯುತ್ತ 30ನೆಯವರಿಗೆ 1. ಚಳಿಗಾಲದ ಕೊನೆಗೆ ಯಾರ ಮೊತ್ತ ಹೆಚ್ಚೋ ಅವರಿಗೆ ಸ್ಫಟಿಕದ ಗೋಳ. ಆದ್ದರಿಂದ ಒಂದು ದಿನದ ಗೆಲುವಿಗೆ ‘ವಿಶ್ವಕಪ್ ಸ್ಪರ್ಧೆ ಗೆದ್ದರು’, ಕೊನೆಯ ಗೆಲುವಿಗೆ ‘ಸಮಗ್ರ ಪ್ರಶಸ್ತಿ ಗೆದ್ದರು’ ಎಂದು ಬೇರ್ಪಡಿಸಿ. ‘ಸಮಗ್ರ ಪ್ರಶಸ್ತಿ’ ಶಾಲಾ ಕ್ರೀಡಾಕೂಟಗಳಿಂದಲೇ ನಮಗೆ ರೂಢಿಯಾದ ಮಾತು. ನೆಗೆತದ ಅಂಕವನ್ನೂ ಪಟ್ಟಿಯ ಅಂಕವನ್ನೂ ಬರಿದೇ ‘ಅಂಕ’ ಎಂದರೆ ಓದುಗರು ಎರಡನ್ನೂ ಬೆರೆಸಿಬಿಡುತ್ತಾರೆ. ಒಲಿಂಪಿಕ್ ಸ್ಪರ್ಧೆಗಳು ಈ ಪಟ್ಟಿಗೆ ಸೇರುವುದಿಲ್ಲ ಎಂಬುದೂ ನೆನಪಿರಲಿ, ಆ ಚಳಿಗಾಲದಲ್ಲೇ ಸೋಚಿ ಒಲಿಂಪಿಕ್ಸ್ ಇತ್ತು.

ಸೋಚಿಯ ಫಲಿತಾಂಶ ಇನ್ನೊಂದು ಎಚ್ಚರಿಕೆಗೆ ಒಳ್ಳೆಯ ಉದಾಹರಣೆ. ಚಿಕ್ಕ ಇಳಿಜಾರಿನ ಸ್ಪರ್ಧೆಯಲ್ಲಿ ಜಪಾನಿನ ಅಕಿತೊ ವತಾಬೆ ಫ್ರೆಂಟ್ಸೆಲ್ (ನಿಮ್ಮ ಕರಡಿನ ‘ಫ್ರೆಂಜಲ್’) ಅವರಿಗಿಂತ 6 ಸೆಕೆಂಡ್ ತಡವಾಗಿ ಹೊರಟು, 4.2 ಸೆಕೆಂಡ್ ಹಿಂದೆ ಗುರಿ ಮುಟ್ಟಿದರು. ಅಂದರೆ 10 ಕಿ.ಮೀ. ಅನ್ನು ಹೆಚ್ಚು ವೇಗವಾಗಿ ಕ್ರಮಿಸಿದವರು ವತಾಬೆ, ಚಿನ್ನ ಫ್ರೆಂಟ್ಸೆಲ್‌ಗೆ. ಫಲಿತಾಂಶದ ಹಾಳೆಗಳಲ್ಲಿ ಎರಡು ಕಡೆಯೂ ಕೂಡು ಚಿಹ್ನೆಯ ಮುಂದೆ ಸೆಕೆಂಡುಗಳಿರುತ್ತವೆ. ನೆಗೆತದ ಹಾಳೆಯಲ್ಲಿರುವುದು ಹೊರಡುವ ‘ತಡ’, ಕೊನೆಯ ಹಾಳೆಯಲ್ಲಿರುವುದು ಗುರಿಯಲ್ಲಿನ ‘ಅಂತರ’. ನಮ್ಮ ಕ್ರೀಡಾಪುಟದ ‘ಇಷ್ಟು ನಿಮಿಷದಲ್ಲಿ ದೂರ ಕ್ರಮಿಸಿ ಚಿನ್ನ ಗೆದ್ದರು’ ಎಂಬ ಅಚ್ಚನ್ನು ಇಲ್ಲಿ ಕಣ್ಣುಮುಚ್ಚಿ ಬಳಸಿದರೆ ತಡವೂ ಓಟದ ಸಮಯದೊಳಗೆ ಸೇರಿಕೊಂಡುಬಿಡಬಹುದು. ಹಾಗೆಯೇ ನೆಗೆದ ಮೇಲೆ ಓಟಕ್ಕೆ ಬಾರದವರನ್ನು ‘ಸ್ಪರ್ಧಿಸಲಿಲ್ಲ’ ಎನ್ನಬೇಡಿ, ‘ಓಟಕ್ಕೆ ಇಳಿಯಲಿಲ್ಲ’ ಎನ್ನಿ.

‘ತಾತ್ಕಾಲಿಕ ಸುತ್ತು’ ಎಂದರೆ ತಾತ್ಕಾಲಿಕ ಆಯ್ಕೆ ಪಟ್ಟಿಯ ಹಾಗೆ, ನಾಳೆ ಬದಲಾಗುವ ಫಲಿತಾಂಶ ಎಂಬ ಅರ್ಥ ಬರುತ್ತದೆ. ನಿಜಕ್ಕೂ ಅದು ಮುಂಚಿತವಾಗಿಯೇ ನೆಗೆಸಿ ಕಾಯ್ದಿಡುವ ಸುತ್ತು. ಸ್ಪರ್ಧೆಯ ದಿನ ಗಾಳಿ ನೆಗೆಯಲು ಬಿಡದಿದ್ದರೆ ಆ ಅಂಕಗಳ ಮೇಲೆಯೇ ಓಟ ನಡೆಯುತ್ತದೆ, ಬೇಕಾಗದಿದ್ದರೆ ಅವು ಲೆಕ್ಕಕ್ಕಿಲ್ಲ. ಕ್ರಿಕೆಟ್‌ನ ‘ಮೀಸಲು ದಿನ’ ನಮ್ಮಲ್ಲಿ ನೆಲೆಯೂರಿದೆಯಲ್ಲ, ‘ಮೀಸಲು ಸುತ್ತು’ ಅದರ ಪಕ್ಕದಲ್ಲೇ ಕೂರುತ್ತದೆ. ನೆಗೆತಕ್ಕೆ ‘ಸುತ್ತು’ ಕೊಟ್ಟ ಮೇಲೆ ಓಟದ ಹಾದಿಯನ್ನು ಬಳಸಿ ಬರುವುದಕ್ಕೆ ‘ಲ್ಯಾಪ್’ ಎಂದೇ ಇಡುವುದು ಕ್ಷೇಮ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಾರ್ವೆಯ ಯಾರ್ಲ್ ಮಾಗ್ನುಸ್ ರೀಬರ್ ‘ಮೊದಲ ಸುತ್ತಿನ ಕೊನೆಗೆ ದಾರಿ ತಪ್ಪಿದರು’ ಎಂದು ಬರೆದರೆ ಅದು ಓಟವೋ ನೆಗೆತವೋ ತಿಳಿಯದು.

ಸೀಸನ್‌ಗೆ ನನ್ನ ಆಯ್ಕೆ ‘ಸಾಲು’. ನವೆಂಬರ್ ಕೊನೆಗೆ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುವುದರಿಂದ ಅದು ಎರಡು ಇಸವಿಗಳನ್ನು ದಾಟುತ್ತದೆ. ಬಜೆಟ್ಟಿಗೂ ಶಾಲೆಗೂ ‘2013–14ನೇ ಸಾಲಿನ’ ಎಂದು ನಾವು ಹೇಳುವುದು ಇಂಥ ಕಡೆಯೇ. ‘ಆವೃತ್ತಿ’ ಒಂದೇ ಟೂರ್ನಿಗೆ ಸರಿ, ಸರಣಿಗಲ್ಲ.

ಇನ್ನೊಂದು ಉತ್ತರ

‘ಸಾಲು’ ವರ್ಷವನ್ನು ಗುರುತಿಸುತ್ತದೆ, ನಡೆಯುವ ಕಾಲವನ್ನಲ್ಲ. ‘ಸಾಲು ಮುಗಿಯಿತು’, ‘ಸಾಲಿನ ನಡುವೆ ಗಾಯಗೊಂಡರು’ ಎನ್ನಲು ನಾಲಿಗೆ ಒಪ್ಪುವುದಿಲ್ಲ. ‘ಋತು’ ಎಂದರೆ ಬರೀ ಹವೆಯ ಕಡೆಗೆ ಮನಸ್ಸು ಹೋಗುತ್ತದೆ. ಪತ್ರಿಕೆಗಳ ‘2013–14ನೇ ಸಾಲಿನ ಕಬ್ಬು ಅರೆಯುವ ಹಂಗಾಮು’ ಎಂಬ ಮಾತನ್ನು ಗಮನಿಸಿ. ಅದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ನಡೆಯುತ್ತದೆ, ಅದೂ ಇಸವಿ ದಾಟುತ್ತದೆ, ಅದರಲ್ಲೂ ಹವೆ ಕೊಡುವ ಅವಕಾಶದೊಳಗೆ ಕೆಲಸ ಮುಗಿಯಬೇಕು. ‘ಸಾಲು’ ಗುರುತಿಗೆ, ‘ಹಂಗಾಮು’ ಕಾಲಕ್ಕೆ, ಎರಡೂ ಒಟ್ಟಿಗೇ ಇರಲಿ.

ಹೆಸರುಗಳ ಬಗ್ಗೆಯೂ ಒಂದು ಮಾತು. ಜರ್ಮನ್ನಿನ ಎರಡು ‘ಇ’ ದೀರ್ಘ ಏಕಾರ, ಹಾಗಾಗಿ ಸೇಫೆಲ್ಡ್, ಸೀಫೆಲ್ಡ್ ಅಲ್ಲ. ಅದರ ‘ಝಡ್’ ಅಕ್ಷರಕ್ಕೆ ‘ಟ್ಸ’ ಉಚ್ಚಾರ, ಆದ್ದರಿಂದ ಫ್ರೆಂಟ್ಸೆಲ್. ನಾರ್ವೆಯ ‘ಜೆ’ ನಮ್ಮ ಯಕಾರ: ಯಾರ್ಲ್, ಯೋರ್ಗೆನ್. ಫಿನ್ನಿಷ್ ಹೆಸರುಗಳಂತೂ ಕನ್ನಡಕ್ಕೆ ಹೇಳಿ ಮಾಡಿಸಿದಂತಿವೆ. ಸ್ವರ ಎರಡು ಸಲ ಬರೆದಿದ್ದರೆ ದೀರ್ಘ, ಒಂದೇ ಇದ್ದರೆ ಹ್ರಸ್ವ, ವ್ಯಂಜನ ಎರಡಿದ್ದರೆ ಒತ್ತು: ಕೂಸಮೊ, ರುಕ, ಮನ್ನಿನೆನ್.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ತಿದ್ದಿದ ಸಾಲುಗಳು:

“2013–14ನೇ ಸಾಲಿನ ನಾರ್ಡಿಕ್ ಕಂಬೈನ್ಡ್ ವಿಶ್ವಕಪ್ ಹಂಗಾಮಿನ ಸಮಗ್ರ ಪ್ರಶಸ್ತಿಯನ್ನು ಜರ್ಮನಿಯ ಎರಿಕ್ ಫ್ರೆಂಟ್ಸೆಲ್ ಗೆದ್ದರು. ಜನವರಿಯಲ್ಲಿ ಸೇಫೆಲ್ಡ್‌ನಲ್ಲಿ ಮೊದಲ ಬಾರಿ ನಡೆದ ಮೂರು ದಿನಗಳ ವಿಶ್ವಕಪ್ ಸ್ಪರ್ಧೆಯಲ್ಲೂ ಅವರದೇ ಜಯ. ನೆಗೆತದ ಅಂಕಗಳ ಅಂತರಕ್ಕೆ ತಕ್ಕಷ್ಟು ತಡವಾಗಿ ಒಬ್ಬೊಬ್ಬರೂ ಓಟಕ್ಕೆ ಹೊರಡುತ್ತಾರೆ. ಮೊದಲು ಗುರಿ ಮುಟ್ಟಿದವರೇ ವಿಜೇತರು. ಗಾಳಿಯಿಂದ ನೆಗೆತ ರದ್ದಾದರೆ ಮೀಸಲು ಸುತ್ತಿನ ಅಂಕಗಳನ್ನು ಹಿಡಿಯುತ್ತಾರೆ.”