ಅಪ್ಪನ ದಿನಸಿ ಅಂಗಡಿಗೆ ಬಿಲ್ಲಿಂಗ್ ಸಿಸ್ಟಮ್: ಏನೇನು ಬೇಕು, ಏನು ಬೇಡ?

ಶ್ರೀನಗರ_ದಿನಸಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಶ್ರೀನಗರದಲ್ಲಿ ನಮ್ಮ ಅಪ್ಪ 22 ವರ್ಷದಿಂದ ದಿನಸಿ ಅಂಗಡಿ ನಡೆಸುತ್ತಿದ್ದಾರೆ. ಈಗಲೂ ಬಿಸ್ಕತ್ತಿನ ಡಬ್ಬದ ರಟ್ಟು ಹರಿದು ಅದರ ಮೇಲೆ ಪೆನ್ನಲ್ಲಿ ಕೂಡುತ್ತಾರೆ. ಲೆಕ್ಕ ತಪ್ಪುವುದಿಲ್ಲ. ಆದರೆ ಸಂಜೆ 6ರಿಂದ 9ರವರೆಗೆ ಜನ ಜಾಸ್ತಿ, ಯಾವ ಸಾಮಾನು ಖಾಲಿಯಾಗಿದೆ ಅನ್ನುವುದು ಗಿರಾಕಿ ಕೇಳಿದಾಗಲೇ ಗೊತ್ತಾಗುವುದು. ಜಿಎಸ್‌ಟಿ ನೋಂದಣಿ ಇದೆ, ಪ್ರತಿ ತಿಂಗಳು ಆಡಿಟರ್ ಕೇಳಿದಾಗ ನಾನು ಕೂತು ಎಲ್ಲ ಮತ್ತೆ ಬರೆಯಬೇಕು.

ಮೊನ್ನೆ ಒಬ್ಬರು ಬಂದು ಟಚ್ ಸ್ಕ್ರೀನ್ ಮೆಷಿನ್, ಪ್ರಿಂಟರ್, ಸ್ಕ್ಯಾನರ್, ಕ್ಯಾಶ್ ಡ್ರಾಯರ್, ಗಿರಾಕಿಗೆ ಕಾಣುವ ಚಿಕ್ಕ ಡಿಸ್‌ಪ್ಲೇ, ಸಾಫ್ಟ್‌ವೇರ್ ಎಲ್ಲ ಸೇರಿ 72,000 ಅಂದರು. ಇಷ್ಟೆಲ್ಲ ಬೇಕಾ? ನಮ್ಮದು ಅರ್ಧ ವ್ಯಾಪಾರ ಬಿಡಿ ಸಾಮಾನಿನದ್ದು. ಬಿಲ್ಲು ಕನ್ನಡದಲ್ಲೇ ಬರಬೇಕು ಅಂತ ಅಪ್ಪನ ಆಸೆ. ನಮ್ಮಲ್ಲಿಗೆ ಬರುವ ಅಜ್ಜಿಯರು ಒಂದೊಂದು ಸಾಲೂ ಓದಿ ನೋಡಿಯೇ ದುಡ್ಡು ಕೊಡುವುದು.

ವಿಜಯನಗರ_ಸ್ಟೋರ್ಸ್

ಪ್ಯಾಕೇಜ್ ತಗೋಬೇಡಿ, ಬಿಡಿಬಿಡಿಯಾಗಿ ತಗೊಳ್ಳಿ. ಮನೆಯಲ್ಲಿ ಓಡುವ ಹಳೇ ಲ್ಯಾಪ್‌ಟಾಪ್ ಇದ್ದರೆ ಟಚ್ ಸ್ಕ್ರೀನ್ ಬೇಡವೇ ಬೇಡ. ಗಿರಾಕಿ ಡಿಸ್‌ಪ್ಲೇ ಕೂಡ ಬೇಡ, ಸ್ಕ್ರೀನ್ ಸ್ವಲ್ಪ ಆ ಕಡೆ ತಿರುಗಿಸಿದರೆ ಆಯ್ತು.

ಪ್ರಿಂಟರ್ ಮಾತ್ರ 3 ಇಂಚಿನ ಥರ್ಮಲ್, ಅಂದರೆ 80 ಎಂಎಂ ಪೇಪರಿನದ್ದು. 2 ಇಂಚಿನದು ಅಗ್ಗ, ಆದರೆ ತಿಂಗಳ ದಿನಸಿ ಬರೆಸುವವರ ಬಿಲ್ಲು ಅದರಲ್ಲಿ ಮೊಳದುದ್ದ ಆಗುತ್ತದೆ, ಸಾಮಾನಿನ ಹೆಸರೂ ಅರ್ಧಕ್ಕೇ ನಿಲ್ಲುತ್ತದೆ. ಥರ್ಮಲ್‌ಗೆ ಇಂಕ್ ಇಲ್ಲ, ಬಿಸಿ ತಾಗಿದ ಕಡೆ ಪೇಪರೇ ಕಪ್ಪಾಗುತ್ತದೆ. ರೋಲ್ ಉಲ್ಟಾ ಹಾಕಿದರೆ ಖಾಲಿ ಹಾಳೆ ಬರುತ್ತದೆ. ಉಗುರಿನಿಂದ ಗೀರಿ ನೋಡಿ, ಕಪ್ಪು ಗೆರೆ ಬಿದ್ದ ಮುಖವೇ ಪ್ರಿಂಟ್ ಆಗುವ ಮುಖ. ಬಿಸಿಲಲ್ಲಿಟ್ಟರೆ ಬಿಲ್ಲು ಅಳಿಸಿಹೋಗುತ್ತದೆ, ಹಾಗಾಗಿ ನಿಮಗೆ ಡಿಸ್ಟ್ರಿಬ್ಯೂಟರ್ ಕೊಡುವ ಥರ್ಮಲ್ ಬಿಲ್ಲುಗಳನ್ನು ಅವತ್ತೇ ಫೋಟೋ ತೆಗೆದಿಡಿ.

ಸ್ಕ್ಯಾನರ್ ಬಗ್ಗೆ ಭಯ ಬೇಡ. ಕಂಪ್ಯೂಟರ್ ಮಟ್ಟಿಗೆ ಅದೊಂದು ಕೀಬೋರ್ಡ್ ಅಷ್ಟೇ. ಕೊಳ್ಳುವ ಅಂಗಡಿಯಲ್ಲೇ ನೋಟ್‌ಪ್ಯಾಡ್ ತೆರೆದು ಒಂದು ಬಿಸ್ಕತ್ ಪ್ಯಾಕ್ ಹಿಡಿಯಿರಿ, 13 ಅಂಕಿ ಬಂದು ಕರ್ಸರ್ ಕೆಳಗಿನ ಸಾಲಿಗೆ ಇಳಿದರೆ ಸರಿಯಾಗಿದೆ ಅಂತ. ನಮ್ಮ ದೇಶದ ಕಂಪನಿಗಳ ಸಾಮಾನಾದರೆ ಹೆಚ್ಚಾಗಿ 890ರಿಂದ ಶುರುವಾಗುತ್ತದೆ. ಕ್ಯಾಶ್ ಡ್ರಾಯರ್ ವೈರು ಹೋಗುವುದು ಕಂಪ್ಯೂಟರಿಗಲ್ಲ, ಪ್ರಿಂಟರಿಗೆ. ಬಿಲ್ಲು ಬಂದಾಗ ಪ್ರಿಂಟರೇ ಅದನ್ನು ತೆರೆಸುತ್ತದೆ. ನಿಮ್ಮ ಹಳೇ ಗಲ್ಲಾ ಪೆಟ್ಟಿಗೆ ಇದ್ದರೆ ಸದ್ಯಕ್ಕೆ ಅದೇ ಸಾಕು.

ಬಿಲ್ಲಿಂಗ್_ಸರ್ವೀಸ್

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು 9 ವರ್ಷದಿಂದ ಅಂಗಡಿಗಳಿಗೆ ಇದನ್ನೇ ಹಾಕಿಕೊಡುತ್ತಿದ್ದೇನೆ. ನಾನು ಕಂಡಂತೆ ಸಿಸ್ಟಮ್ ಮೂಲೆ ಸೇರುವುದು ಪ್ರಿಂಟರ್ ಕೆಟ್ಟು ಅಲ್ಲ, ಸಾಮಾನಿನ ಹೆಸರು, ಬೆಲೆ, ತೆರಿಗೆ ಇರುವ ಐಟಂ ಪಟ್ಟಿ ಸರಿ ಇಲ್ಲದೆ. 72,000 ಹೇಳಿದವರನ್ನು ಒಂದೇ ಮಾತು ಕೇಳಿ: ಆ ಪಟ್ಟಿ ಯಾರು ತುಂಬುತ್ತಾರೆ?

ತೊಗರಿಬೇಳೆಯನ್ನೇ ತಗೊಳ್ಳಿ. ಮೂಟೆಯಿಂದ ತೂಗಿ ಕೊಟ್ಟರೆ ತೆರಿಗೆ ಇಲ್ಲ. ಅದೇ ಬೇಳೆ ಲೇಬಲ್ ಇರುವ ಪ್ಯಾಕೆಟ್ಟಲ್ಲಿ ಬಂದರೆ, 25 ಕೆಜಿವರೆಗಿನದಕ್ಕೆ, 2022ರ ಜುಲೈ 18ರಿಂದ ಶೇ 5. ಅಂದರೆ ಪಟ್ಟಿಯಲ್ಲಿ ಅದು ಎರಡು ಐಟಂ. ಒಂದೇ ಅಂತ ಹಾಕಿದರೆ ಪ್ರತಿ ಬಿಲ್ಲೂ ತಪ್ಪು, ಆಮೇಲೆ ಆಡಿಟರ್ ಹತ್ತಿರ ಕೂತು ಬಿಡಿಸಬೇಕು.

ಇನ್ನೊಂದು ಎಂಆರ್‌ಪಿ. ಹಳೇ ಸ್ಟಾಕಿಗೂ ಹೊಸದಕ್ಕೂ ಬಾರ್‌ಕೋಡ್ ಒಂದೇ ಇರುತ್ತದೆ, ಬೆಲೆ ಬೇರೆ. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತು, ಸೋಪು, ಟೂತ್‌ಪೇಸ್ಟ್ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿದಾಗ ಆ ವಾರ ನನಗೆ ಫೋನ್ ಕೆಳಗಿಡಲು ಆಗಲಿಲ್ಲ. ಒಂದು ಬಾರ್‌ಕೋಡಿಗೆ ಎರಡು ಬೆಲೆ ತೋರಿಸಿ 'ಯಾವುದು?' ಅಂತ ಕೇಳುವ ಸಾಫ್ಟ್‌ವೇರ್ ಇದ್ದವರು ನೆಮ್ಮದಿಯಾಗಿದ್ದರು. ತೆರಿಗೆ ದರವನ್ನು ನೀವೇ ಬದಲಿಸಲು ಆಗುತ್ತದಾ ಅಂತಲೂ ನೋಡಿ, ಅದಕ್ಕೂ ಅವರನ್ನೇ ಕರೆಯಬೇಕು ಅಂದರೆ ಬೇಡ.

ಬಿಡಿ ಸಾಮಾನಿಗೆ ಚಿಕ್ಕ ಕೋಡ್ ಕೊಡಿ. ಸಕ್ಕರೆ 11, ತೊಗರಿಬೇಳೆ 12, ಹೀಗೆ. ಅಪ್ಪ ಒಂದು ತಿಂಗಳಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ, 22 ವರ್ಷ ರಟ್ಟಿನ ಮೇಲೆ ಕೂಡಿದವರಿಗೆ ಇದೇನು ಕಷ್ಟ. ತೂಕದ ಮೆಷಿನ್ನನ್ನು ಕಂಪ್ಯೂಟರಿಗೆ ಜೋಡಿಸಬೇಕಾದರೆ ಹಿಂದೆ ಆರ್‌ಎಸ್-232 ಅನ್ನುವ ಕೇಬಲ್ ಪೋರ್ಟ್ ಅಥವಾ ಯುಎಸ್‌ಬಿ ಇರಬೇಕು. ಹೊಸ ಮೆಷಿನ್ ತಗೊಂಡರೆ ತೂಕ-ಅಳತೆ ನೋಡುವ ಲೀಗಲ್ ಮೆಟ್ರಾಲಜಿ ಇಲಾಖೆಯ ಮುದ್ರೆ ಇದೆಯಾ ನೋಡಿ, ಅದನ್ನು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು.

ಕನ್ನಡ_ಬಿಲ್ಲು

ಕನ್ನಡದ ವಿಷಯಕ್ಕೆ ಬರುತ್ತೇನೆ. ಅಪ್ಪನ ಆಸೆ ಖಂಡಿತ ಬಿಡಬೇಡಿ. ಹೆಚ್ಚಿನ ಥರ್ಮಲ್ ಪ್ರಿಂಟರುಗಳ ಒಳಗೆ ಕನ್ನಡ ಅಕ್ಷರ ಇರುವುದಿಲ್ಲ. ಸಾಫ್ಟ್‌ವೇರ್ ಬಿಲ್ಲನ್ನು ಚಿತ್ರವಾಗಿ ಕಳಿಸಿದರೆ ಯಾವ ಲಿಪಿಯಾದರೂ ಬರುತ್ತದೆ, ಬರೀ ಅಕ್ಷರ ಕಳಿಸಿದರೆ ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತದೆ. ಹಾಗಾಗಿ ದುಡ್ಡು ಕೊಡುವ ಮೊದಲು ಸಕ್ಕರೆ, ಮೆಂತ್ಯ, ಉದ್ದಿನಬೇಳೆ ಈ ಮೂರು ಪ್ರಿಂಟ್ ಮಾಡಿಸಿ. ಒತ್ತಕ್ಷರ ಕೆಳಗೆ ಕೂರದೆ 'ಸಕ್‌ಕರೆ' ಅಂತ ಬಿಡಿಸಿಕೊಂಡು ಬಂದರೆ ಆ ಸಾಫ್ಟ್‌ವೇರ್ ಬೇಡ. ಹೆಸರುಗಳನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೇ ಫಾಂಟಿನಲ್ಲಿ ಹಾಕಿದರೆ ನಾಳೆ ಬೇರೆ ಸಾಫ್ಟ್‌ವೇರಿಗೆ ಹೋದಾಗ ಪೂರ್ತಿ ಪಟ್ಟಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಮಲ್ಲೇಶ್ವರಂ_ಕಾಂಡಿಮೆಂಟ್ಸ್

ತಮ್ಮಾ, ಬ್ಯಾಕಪ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದು ದಿನ ಬೆಳಗ್ಗೆ ತೆರೆಯಲೇ ಇಲ್ಲ. ಎರಡು ವರ್ಷದ ಸಾಲದ ಲೆಕ್ಕ ಅದರಲ್ಲೇ ಇತ್ತು, ಪುಸ್ತಕ ಬರೆಯುವುದನ್ನು ನಿಲ್ಲಿಸಿದ್ದೆವು. ಗಿರಾಕಿಗಳ ಮನೆಗೇ ಹೋಗಿ ಎಷ್ಟು ಬಾಕಿ ಅಂತ ಅವರನ್ನೇ ಕೇಳಿದೆ. ಹೆಚ್ಚಿನವರು ಪ್ರಾಮಾಣಿಕವಾಗಿ ಹೇಳಿ ಕೊಟ್ಟರು, ಆ ಉಪಕಾರ ಮರೆಯುವುದಿಲ್ಲ. ಈಗ ರಾತ್ರಿ ಬಾಗಿಲು ಹಾಕುವ ಮೊದಲು ಒಂದು ಕಾಪಿ ಪೆನ್ ಡ್ರೈವಿಗೆ, ಇನ್ನೊಂದು ಇಮೇಲಿಗೆ. ಎರಡೇ ನಿಮಿಷ.

ಯುಪಿಐ ದುಡ್ಡಿಗೆ ಸೌಂಡ್‌ಬಾಕ್ಸ್ ಇಟ್ಟುಕೊಳ್ಳಿ, ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ. ಬಿಲ್ಲು ಮಾಡುವಾಗಲೇ ನಗದಾ, ಯುಪಿಐಯಾ, ಸಾಲವಾ ಅಂತ ಒತ್ತಬೇಕು. ಇಲ್ಲದಿದ್ದರೆ ರಾತ್ರಿ ಗಲ್ಲಾ ಲೆಕ್ಕ ಯಾವತ್ತೂ ಕೂಡುವುದಿಲ್ಲ.

ಶ್ರೀನಗರ_ದಿನಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮದು ಓದಿ ನಮ್ಮ ಸಾಲದ ಪುಸ್ತಕ ಸದ್ಯಕ್ಕೆ ನಿಲ್ಲಿಸುವುದಿಲ್ಲ ಅಂತ ತೀರ್ಮಾನಿಸಿದ್ದೇವೆ. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಕೋಡಿನ ವಿಷಯ ಹಿಡಿಸಿತು, ಆಗಲೇ ಕೂತು 40 ಸಾಮಾನಿಗೆ ನಂಬರ್ ಬರೆದಿದ್ದಾರೆ, ಅದೂ ರಟ್ಟಿನ ಮೇಲೆ! ಅವರು ಕೇಳಿದ್ದು ಒಂದೇ: ಕರೆಂಟ್ ಹೋದರೆ? ಮತ್ತೆ ಭಾನುವಾರ ನನಗೆ ರಜೆ, ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ ಪ್ರಿಂಟರ್ ನೋಡಬಹುದಾ?

ವಿಜಯನಗರ_ಸ್ಟೋರ್ಸ್

ಒಂದು ಚಿಕ್ಕ ಯುಪಿಎಸ್ ಹಾಕಿ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ಪ್ರಿಂಟರಿಗೆ ಇರುವುದಿಲ್ಲ. ನೆಟ್ ಇಲ್ಲದಾಗಲೂ ಬಿಲ್ಲು ಮಾಡುವ ಸಾಫ್ಟ್‌ವೇರನ್ನೇ ಆರಿಸಿ. ಭಾನುವಾರ ಎಸ್.ಪಿ. ರಸ್ತೆಯಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರ ಬೆಳಗ್ಗೆ ಹೋಗಿ. ಜೇಬಲ್ಲೊಂದು ಬಿಸ್ಕತ್ ಪ್ಯಾಕ್ ಇರಲಿ.