ಫೈಬರ್ ದೋಣಿಗೆ ಫಿಶ್ ಫೈಂಡರ್: ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂರಿಸಿದಿರಿ?

ನಮ್ಮದು 18 ಅಡಿಯ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್. ನೀರಿನ ಆಳ, ಮೀನು ತೋರಿಸುವ ಫಿಶ್ ಫೈಂಡರ್ ತಂದಿದ್ದೇನೆ. ಅದರ ಟ್ರಾನ್ಸ್‌ಡ್ಯೂಸರನ್ನು (ಶಬ್ದದ ಅಲೆ ಬಿಟ್ಟು ವಾಪಸ್ ಹಿಡಿಯುವ ಭಾಗ) ಹಿಂಬದಿಗೆ ಸ್ಕ್ರೂ ಹಾಕಿ ಕೂರಿಸಲಾ, ಒಳಗೆ ಅಂಟಿಸಲಾ? ತೂತು ಕೊರೆಯಲು ಧೈರ್ಯ ಬರುತ್ತಿಲ್ಲ. ದೋಣಿಯನ್ನು ದಿನಾ ಮರಳಿಗೆ ಎಳೆಯುತ್ತೇವೆ. ಮಾಡಿದವರು ಹೇಳಿ.

ಉಪ್ಪುಂದದಿಂದ:
ಅಣ್ಣ, ಮರಳಿಗೆ ಎಳೆಯುವ ದೋಣಿ ಅಂದಿರಲ್ಲ, ಹಾಗಾದರೆ ಒಳಗೇ ಅಂಟಿಸಿ. ನಾನು ಮೊದಲು ಹಿಂಬದಿಗೆ ಹಾಕಿದ್ದೆ. ಎರಡನೇ ವಾರವೇ ದೋಣಿ ಎಳೆಯುವಾಗ ಬ್ರಾಕೆಟ್ ಮುರಿಯಿತು. ಒಳಗೆ ಅಂಟಿಸಿ ಈಗ ಮೂರು ವರ್ಷ, ಏನೂ ಆಗಿಲ್ಲ.

ಆದರೆ ಆ ಜಾಗದಲ್ಲಿ ಬರೀ ಗಟ್ಟಿ ಫೈಬರ್ ಇರಬೇಕು. ನಡುವೆ ಫೋಮ್ ಅಥವಾ ಮರ ಇದ್ದರೆ ಶಬ್ದದ ಅಲೆ ಅಲ್ಲೇ ನಿಲ್ಲುತ್ತದೆ. ಅಂಟಿಸುವ ಮೊದಲು ದೋಣಿಯನ್ನು ನೀರಿಗಿಳಿಸಿ ನೋಡಿ. ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಟ್ರಾನ್ಸ್‌ಡ್ಯೂಸರನ್ನು ಅದರೊಳಗಿಟ್ಟು, ಒದ್ದೆ ಮಾಡಿದ ತಳಕ್ಕೆ ಒತ್ತಿ ಹಿಡಿಯಿರಿ. ಪಕ್ಕದಲ್ಲೇ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ. ನನ್ನ ಹಗ್ಗ ನಾಲ್ಕು ಮಾರು ಇಳಿಯಿತು, ಪರದೆಯಲ್ಲಿ 7 ಮೀಟರ್ ಚಿಲ್ಲರೆ ಬಂತು. ಆಮೇಲೆ ಆ ಜಾಗ ಉಜ್ಜಿ, ಒಣಗಿಸಿ, ಎಪಾಕ್ಸಿ ಅಂಟು ಹಾಕಿದೆ. ಎಪಾಕ್ಸಿಯನ್ನು ನಿಧಾನ ಕಲಸಿ, ಟ್ರಾನ್ಸ್‌ಡ್ಯೂಸರನ್ನು ತಿರುಗಿಸುತ್ತಾ ಒತ್ತಿ. ಒಂದು ಗಾಳಿ ಗುಳ್ಳೆಯೂ ಉಳಿಯಬಾರದು, ಕೆಲಸ ಕೆಡುವುದು ಅಲ್ಲೇ.

ಒಳಗೆ ಹಾಕಿದರೆ ನೀರಿನ ಬಿಸಿ ಎಷ್ಟಿದೆ ಅಂತ ಸರಿಯಾಗಿ ತೋರಿಸುವುದಿಲ್ಲ, ಅಲೆಯ ಬಲವೂ ಸ್ವಲ್ಪ ಕಡಿಮೆಯಾಗುತ್ತದೆ. ದಡದ ಹತ್ತಿರ ಬಂಗುಡೆ, ಬೂತಾಯಿ ಹುಡುಕುವವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ನಿಮ್ಮದು ಸೈಡ್ ಇಮೇಜಿಂಗ್, ಅಂದರೆ ದೋಣಿಯ ಎರಡೂ ಬದಿಯ ಚಿತ್ರ ತೋರಿಸುವ ಮಾದರಿಯಾ? ಆಗಿದ್ದರೆ ಒಳಗೆ ಹಾಕಬೇಡಿ, ಅದು ನೀರಿಗೆ ನೇರ ತಾಗಬೇಕು.

ಹೊನ್ನಾವರದಿಂದ:
ನನ್ನ ದೋಣಿ ಶರಾವತಿ ಹೊಳೆಯಲ್ಲಿ ನೀರಲ್ಲೇ ಕಟ್ಟಿರುತ್ತದೆ, ಹಾಗಾಗಿ ಹಿಂಬದಿಗೆ ಹಾಕಿದ್ದೇನೆ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಬಲಕ್ಕೆ ತಿರುಗುತ್ತಿದ್ದರೆ ಬಲಬದಿ ಒಳ್ಳೆಯದು. ಆ ಕಡೆ ಅದರ ರೆಕ್ಕೆ ಕೆಳಗಿಳಿಯುತ್ತದೆ, ಗುಳ್ಳೆ ಕಡಿಮೆ. ಪ್ರೊಪೆಲ್ಲರ್‌ನಿಂದ ಒಂದೂವರೆ ಅಡಿ ದೂರ ಬಿಡಿ. ಫೈಬರ್ ತಳಕ್ಕಿಂತ 3 ಮಿಲಿಮೀಟರ್ ಕೆಳಗಿದ್ದರೆ ಸಾಕು. ನೀರು ಒಳಗೆ ಇಳಿಯದಂತೆ ಪ್ರತಿ ತೂತಿಗೂ ಮರೈನ್ ಸೀಲಂಟ್ ತುಂಬಿ. ತಿಂಗಳಿಗೊಮ್ಮೆ ಪಾಚಿ, ಚಿಪ್ಪು ಒರೆಸಿ.

ಮಲ್ಪೆಯಿಂದ:
ಒಳಗೆ ಹಾಕಿ, ಹೊರಗೆ ಹಾಕಿ, ಕೇಬಲ್ ಮಾತ್ರ ಕತ್ತರಿಸಬೇಡಿ. ಜಾಸ್ತಿ ಉಳಿದದ್ದನ್ನು ಸುತ್ತಿ ಕಟ್ಟಿಡಿ. ಎಂಜಿನ್ ವಯರ್‌ಗಳಿಂದ ದೂರ ಎಳೆಯಿರಿ. ಕರೆಂಟನ್ನು ಫ್ಯೂಸ್ ಹಾಕಿ ನೇರ ಬ್ಯಾಟರಿಯಿಂದ ಕೊಡಿ. ನನ್ನ ಪರದೆ ತುಂಬಾ ಗೆರೆ ಬರುತ್ತಿತ್ತು, ವಯರ್ ಬೇರೆ ಮಾಡಿದ ಮೇಲೆ ನಿಂತಿತು.

ಕೇಳಿದವರಿಂದ:
ನನ್ನದು ಸಾದಾ ಮಾದರಿ, ಒಳಗೇ ಹಾಕುತ್ತೇನೆ. ಭಾನುವಾರ ಚೀಲ ಇಟ್ಟು ನೋಡುತ್ತೇನೆ. ಆಳ ಹಗ್ಗದ ಲೆಕ್ಕಕ್ಕೆ ಕೂಡದಿದ್ದರೆ?

ಉಪ್ಪುಂದದಿಂದ:
ಒಂದು ಗೇಣು ಆಚೀಚೆ ಸರಿಸಿ ಮತ್ತೆ ನೋಡಿ. ಎಂಜಿನ್ ನಿಲ್ಲಿಸಿ ಒಮ್ಮೆ, ಓಡಿಸುತ್ತಾ ಒಮ್ಮೆ. ಎರಡರಲ್ಲೂ ತಳ ಸ್ಪಷ್ಟವಾಗಿ ಕಾಣುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ.